ಟ್ಯಾಂಪಾದ ಈಬೋರ್ ಸಿಟಿಯ ವಲಸಿಗ ಸಂಘಭವನಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದ ಫ್ಲಾರಿಡಾ ರಾಜ್ಯದ ಟ್ಯಾಂಪಾ ನಗರದಲ್ಲಿ ಈಬೋರ್ ಸಿಟಿ ಎಂಬ ಹಳೆಯ ಬಡಾವಣೆಯೊಂದಿದೆ. ನೂರು ವರ್ಷಗಳಿಗೂ ಹಿಂದೆ ಕ್ಯೂಬಾ, ಸ್ಪೇನ್ ಮತ್ತು ಇಟಲಿಯ ಸಿಸಿಲಿ ದ್ವೀಪದಿಂದ ಬಂದು ಅಲ್ಲಿ ನೆಲೆಸಿದ ಸಿಗಾರ್ ಕಾರ್ಮಿಕರು ತಮ್ಮ ತಮ್ಮ ನಾಡಿನ ಹೆಸರಿನಲ್ಲಿ ಸಂಘಗಳನ್ನು ಕಟ್ಟಿಕೊಂಡು, ಅವುಗಳಿಗೆ ಭವ್ಯವಾದ ಭವನಗಳನ್ನು ಎತ್ತಿದರು. ಆ ಭವನಗಳ ಚೆಲುವನ್ನು ಹೊಗಳುವವರು ಬಹಳ ಮಂದಿ ಸಿಗುತ್ತಾರೆ. ಅವು ಯಾವ ಅಗತ್ಯದಿಂದ ಹುಟ್ಟಿದವು, ಯಾರನ್ನು ಒಳಗೆ ಸೇರಿಸಿಕೊಂಡವು, ಯಾರನ್ನು ಹೊರಗಿಟ್ಟವು ಎಂದು ಕೇಳುವವರು ಕಡಿಮೆ. ಇಲ್ಲಿನ ಉತ್ತರಗಳನ್ನು ಮುಖ್ಯವಾಗಿ ಆ ಮೂರು ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯಲಾಗಿದೆ.

ಈ ಸಂಘಗಳು ಯಾವುವು?

ಮುಖ್ಯವಾದವು ಐದು. ಸ್ಪೇನಿನವರ ಸೆಂತ್ರೊ ಎಸ್ಪಾನ್ಯೋಲ್ 1891ರಲ್ಲಿ, ಇಟಲಿಯವರ ಲುನಿಯೋನೆ ಇತಾಲಿಯಾನಾ 1894ರಲ್ಲಿ, ಸ್ಪೇನಿನ ಉತ್ತರ ಭಾಗದ ಆಸ್ತೂರಿಯಾಸ್ ಪ್ರಾಂತ್ಯದವರ ಸೆಂತ್ರೊ ಆಸ್ತುರಿಯಾನೊ 1902ರಲ್ಲಿ ಆರಂಭವಾದವು. ಕ್ಯೂಬಾದವರಿಗೆ ಎರಡು ಸಂಘಗಳಿದ್ದವು: ಬಿಳಿಯ ಕ್ಯೂಬನ್ನರ ಸಿರ್ಕುಲೊ ಕುಬಾನೊ ಮತ್ತು ಕಪ್ಪು ಕ್ಯೂಬನ್ನರ ಲಾ ಉನಿಯೋನ್ ಮಾರ್ತಿ-ಮಾಸೆಯೊ. ಒಂದೇ ನಾಡಿನವರು ಎರಡಾದ ಕಥೆ ಈ ಇತಿಹಾಸದ ಅತ್ಯಂತ ನೋವಿನ ಭಾಗ. ಅದಕ್ಕೆ ಮುಂದೆ ವಿವರವಾದ ಉತ್ತರವಿದೆ. ಇವಲ್ಲದೆ ಜರ್ಮನರದ್ದೂ ಒಂದು ಸಂಘ ಮತ್ತು ಭವನ ಇತ್ತು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನರ ಮೇಲೆ ಹಬ್ಬಿದ ಹಗೆತನದ ನಡುವೆ ಅದು ಉಳಿಯಲಿಲ್ಲ.

ಟ್ಯಾಂಪಾದಂಥ ಊರಿಗೆ ಇಷ್ಟೊಂದು ವಲಸಿಗರು ಬಂದದ್ದು ಏಕೆ?

ಉತ್ತರ ಒಂದೇ ಪದದಲ್ಲಿದೆ: ಸಿಗಾರ್. ಸ್ಪೇನಿನ ವಲೆನ್ಸಿಯಾದಲ್ಲಿ ಹುಟ್ಟಿ, ಕ್ಯೂಬಾದ ಹವಾನಾದಲ್ಲಿ ಸಿಗಾರ್ ಉದ್ಯಮಿಯಾಗಿ ಬೆಳೆದ ವಿಸೆಂತೆ ಮಾರ್ತಿನೆಸ್ ಈಬೋರ್ ಅವರು ಕ್ಯೂಬಾದ ಮೊದಲ ಸ್ವಾತಂತ್ರ್ಯ ಸಮರದ ಕಾಲದಲ್ಲಿ, 1869ರಲ್ಲಿ, ತಮ್ಮ ಉದ್ಯಮವನ್ನು ಫ್ಲಾರಿಡಾದ ತುತ್ತತುದಿಯ ದ್ವೀಪವಾದ ಕೀ ವೆಸ್ಟ್‌ಗೆ ಸಾಗಿಸಿದರು. ಅಲ್ಲಿ ಕಾರ್ಮಿಕ ಸಂಘರ್ಷಗಳು ಹೆಚ್ಚಾದಾಗ ಬೇರೆ ಜಾಗ ಹುಡುಕಲು ಹೊರಟು, 1885ರಲ್ಲಿ ಟ್ಯಾಂಪಾದ ಪಕ್ಕದ ಕುರುಚಲು ಕಾಡಿನ ಭೂಮಿಯನ್ನು ಕೊಂಡರು. ಮರುವರ್ಷ ಕೀ ವೆಸ್ಟ್‌ನಲ್ಲಿ ಹಬ್ಬಿದ ಬೆಂಕಿಯಲ್ಲಿ ಅವರ ಅಲ್ಲಿನ ಕಾರ್ಖಾನೆ ಸುಟ್ಟುಹೋದ ಮೇಲೆ ಟ್ಯಾಂಪಾವೇ ಅವರ ನೆಲೆಯಾಯಿತು. ಟ್ಯಾಂಪಾಕ್ಕೆ ಹೆನ್ರಿ ಪ್ಲಾಂಟ್ ಅವರ ರೈಲು ಆಗಷ್ಟೇ ಬಂದಿತ್ತು, ಬಂದರು ಇತ್ತು, ಕ್ಯೂಬಾದ ಹೊಗೆಸೊಪ್ಪನ್ನು ಹಡಗಿನಲ್ಲಿ ತರಿಸಲು ದೂರ ಹೆಚ್ಚಿರಲಿಲ್ಲ, ಎಲೆ ಒಣಗಿ ಪುಡಿಯಾಗದಂತೆ ಕಾಪಾಡುವ ತೇವ ಗಾಳಿಯಲ್ಲಿಯೇ ಇತ್ತು. ಸಿದ್ಧ ಸಿಗಾರ್ ಆಮದು ಮಾಡಿಕೊಂಡರೆ ತೆರಬೇಕಾದ ಸುಂಕಕ್ಕಿಂತ ಎಲೆಯ ಮೇಲಿನ ಸುಂಕ ಕಡಿಮೆಯಾಗಿದ್ದುದೂ ಲೆಕ್ಕಕ್ಕೆ ಸರಿಹೊಂದಿತು.

ಊರು ಹೇಗೆ ಬೆಳೆಯಿತೆಂಬುದನ್ನು ಜನಗಣತಿಯೇ ಹೇಳುತ್ತದೆ. 1880ರಲ್ಲಿ ಟ್ಯಾಂಪಾದ ಜನಸಂಖ್ಯೆ 720, 1890ರಲ್ಲಿ 5,532, 1900ರಲ್ಲಿ 15,839. ಕಾರ್ಮಿಕರು ಬಂದು ಉಳಿಯಲಿ ಎಂದು ಈಬೋರ್ ಅವರು ಸಣ್ಣ ಮರದ ಮನೆಗಳನ್ನು ಕಟ್ಟಿಸಿ ಕಂತಿನಲ್ಲಿ ಮಾರಿದರು. ಇತರ ಸಿಗಾರ್ ಕಂಪನಿಗಳೂ ಹಿಂದೆಯೇ ಬಂದವು. 1929ರ ಹೊತ್ತಿಗೆ ಟ್ಯಾಂಪಾದಲ್ಲಿ ವರ್ಷಕ್ಕೆ ಸುಮಾರು 50 ಕೋಟಿ ಸಿಗಾರ್‌ಗಳು ತಯಾರಾಗುತ್ತಿದ್ದವು.

ಕಾರ್ಮಿಕರಿಗೆ ಸಂಘದ ಅಗತ್ಯ ಏಕೆ ಬಿತ್ತು?

ಕಾಯಿಲೆ ಬಿದ್ದರೆ ನೋಡಿಕೊಳ್ಳುವವರು ಯಾರೂ ಇರಲಿಲ್ಲ ಎಂಬುದೇ ಮೂಲ ಕಾರಣ. 1887ರಲ್ಲಿ ಟ್ಯಾಂಪಾಕ್ಕೆ ಹಳದಿ ಜ್ವರ ಬಂದಿತು. ಹೊಸ ಬಡಾವಣೆಯ ರಸ್ತೆಗಳು ಮರಳಿನವು, ಸುತ್ತ ಜೌಗು, ಎಲ್ಲೆಲ್ಲೂ ಸೊಳ್ಳೆ. ಎಲೆಯ ದೂಳು ತುಂಬಿದ ಕೋಣೆಯಲ್ಲಿ ದಿನವಿಡೀ ಕೂತು ದುಡಿಯುವವರನ್ನು ಕ್ಷಯ ಕಾಡುತ್ತಿತ್ತು. ಒಂಟಿಯಾಗಿ ಬಂದು, ಬಾಡಿಗೆ ಕೋಣೆಯಲ್ಲಿ ಹಲವರೊಡನೆ ಇರುತ್ತಿದ್ದ ಯುವಕನಿಗೆ ಜ್ವರ ಬಂದರೆ ಗಂಜಿ ಕಾಯಿಸಿಕೊಡಲು ಮನೆಯವರಿಲ್ಲ. ಸತ್ತರೆ ಮಣ್ಣು ಮಾಡಲು ಬಂಧುಗಳಿಲ್ಲ. ಸರ್ಕಾರದ ಕಡೆಯಿಂದ ವಿಮೆಯಾಗಲಿ ಪಿಂಚಣಿಯಾಗಲಿ ಇರಲಿಲ್ಲ. ಇಂಗ್ಲಿಷ್ ಬಾರದ ಈ ಜನರನ್ನು ಊರಿನ ಹಳೆಯ ನಿವಾಸಿಗಳು ತಮ್ಮವರೆಂದು ಎಣಿಸುತ್ತಲೂ ಇರಲಿಲ್ಲ.

ಹವಾನಾದಲ್ಲಿ ಸ್ಪೇನಿನ ವಲಸಿಗರು ಪ್ರಾಂತ್ಯವಾರು ಸಂಘ ಕಟ್ಟಿಕೊಂಡು, ಚಂದಾ ಹಣದಿಂದ ಆಸ್ಪತ್ರೆ ನಡೆಸುವ ಪದ್ಧತಿ ಆಗಲೇ ಬೇರೂರಿತ್ತು. ಟ್ಯಾಂಪಾಕ್ಕೆ ಬಂದವರಲ್ಲಿ ಅನೇಕರು ಅದನ್ನು ಕಣ್ಣಾರೆ ಕಂಡವರು, ಅಲ್ಲಿ ಸದಸ್ಯರಾಗಿದ್ದವರು. ಅವರು ಹೊಸದೇನನ್ನೂ ಕಲ್ಪಿಸಿಕೊಳ್ಳಬೇಕಾಗಿರಲಿಲ್ಲ. ಗೊತ್ತಿದ್ದ ಏರ್ಪಾಟನ್ನು ಹೊಸ ಊರಿನಲ್ಲಿ ನೆಟ್ಟರು.

ಸದಸ್ಯರಾದವರಿಗೆ ಏನು ಸಿಗುತ್ತಿತ್ತು?

ತಿಂಗಳಿಗೊಮ್ಮೆ ಕೂಲಿಯಿಂದ ತೆಗೆದಿಡಬಹುದಾದಷ್ಟು ಸಣ್ಣ ಮೊತ್ತದ ಚಂದಾ ಕಟ್ಟಿದವರಿಗೆ ವೈದ್ಯರು, ಔಷಧ, ಬೇಕಾದರೆ ಆಸ್ಪತ್ರೆಯ ಹಾಸಿಗೆ, ಕೊನೆಗೆ ಗೌರವದ ಅಂತ್ಯಸಂಸ್ಕಾರ ದೊರೆಯುತ್ತಿದ್ದವು. ಇವಕ್ಕೆ ಜೊತೆಯಾಗಿ ಗ್ರಂಥಾಲಯ, ನಾಟಕ, ನೃತ್ಯ, ಸಂಜೆ ಹೊತ್ತು ಕೂತು ಡಾಮಿನೋ ಆಡಲು ಒಂದು ಜಾಗ.

ಇವುಗಳಲ್ಲಿ ವೈದ್ಯಸೇವೆಯೇ ಎಲ್ಲಕ್ಕಿಂತ ಹಿರಿದು ಎಂಬುದಕ್ಕೆ ಸೆಂತ್ರೊ ಆಸ್ತುರಿಯಾನೊ ಹುಟ್ಟಿದ ಬಗೆಯೇ ಸಾಕ್ಷಿ. ಸೆಂತ್ರೊ ಎಸ್ಪಾನ್ಯೋಲ್ ಮೊದಮೊದಲು ಹೆಚ್ಚಾಗಿ ಸೇರುವ, ಮಾತಾಡುವ, ಮನರಂಜನೆಯ ಕೂಟವಾಗಿತ್ತು. ಆಸ್ಪತ್ರೆಯ ಸೌಲಭ್ಯ ಬೇಕೆಂದು ಹಠ ಹಿಡಿದ ಸದಸ್ಯರು, ಅದು ಬೇಗ ಆಗದೆಂದು ಕಂಡಾಗ, 1902ರಲ್ಲಿ ಬೇರೆಯಾಗಿ ಹವಾನಾದ ಸೆಂತ್ರೊ ಆಸ್ತುರಿಯಾನೊದ ಟ್ಯಾಂಪಾ ಶಾಖೆಯನ್ನು ತೆರೆದರು. ಆ ಸ್ಪರ್ಧೆಯ ಫಲವಾಗಿ ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿಯೇ ಸ್ಪೇನಿನವರ ಎರಡೂ ಸಂಘಗಳು ಸ್ವಂತ ಆಸ್ಪತ್ರೆ ನಡೆಸುವ ಮಟ್ಟಕ್ಕೆ ಬಂದವು. ಇಟಲಿಯವರು ಮತ್ತು ಕ್ಯೂಬನ್ನರು ವೈದ್ಯರನ್ನು ಗೊತ್ತು ಮಾಡಿಕೊಂಡು ಚಿಕಿತ್ಸಾಲಯಗಳನ್ನು ನಡೆಸಿದರು. ಹೆಸರು ಆಸ್ತೂರಿಯಾಸ್‌ನದಾದರೂ ಆ ಸಂಘ ಕ್ಯೂಬನ್ನರನ್ನೂ ಇಟಲಿಯವರನ್ನೂ ಸೇರಿಸಿಕೊಳ್ಳುತ್ತಿತ್ತು. ಆಸ್ಪತ್ರೆಗಾಗಿಯೇ ಅಲ್ಲಿ ಸದಸ್ಯರಾದವರು ಉಂಟು.

ಕೂಲಿಯವರೇ ಚಂದಾ ಹಾಕಿ ಆಸ್ಪತ್ರೆ ನಡೆಸಿದ್ದು ಅಮೆರಿಕದ ಆರೋಗ್ಯ ವ್ಯವಸ್ಥೆಯ ಚರಿತ್ರೆಯಲ್ಲಿ ಇನ್ನೂ ದೊಡ್ಡ ಜಾಗ ಪಡೆಯಬೇಕಾದ ಸಂಗತಿ ಎಂಬುದು ನನ್ನ ದೃಢ ಅಭಿಪ್ರಾಯ.

ಊರಿನ ವೈದ್ಯರು ಇದನ್ನು ಒಪ್ಪಿದರೇ?

ಸುಲಭಕ್ಕೆ ಒಪ್ಪಲಿಲ್ಲ. ಸಂಘದಿಂದ ನಿಗದಿತ ಸಂಬಳ ಪಡೆದು ಎಲ್ಲ ಸದಸ್ಯರನ್ನೂ ನೋಡುವ ಪದ್ಧತಿ ತಮ್ಮ ವೃತ್ತಿಯ ಘನತೆಗೂ ಆದಾಯಕ್ಕೂ ಕುಂದು ಎಂದು ಸ್ಥಳೀಯ ವೈದ್ಯರ ಸಂಘಟನೆ ಭಾವಿಸಿತು, ಸಂಘಗಳಲ್ಲಿ ದುಡಿಯುವ ವೈದ್ಯರಿಗೆ ಸದಸ್ಯತ್ವ ನಿರಾಕರಿಸಿತು. ಹೀಗಾಗಿ ಸಂಘಗಳು ಕ್ಯೂಬಾ ಮತ್ತು ಸ್ಪೇನಿನಲ್ಲಿ ಕಲಿತ ವೈದ್ಯರನ್ನು ಹೆಚ್ಚಾಗಿ ಅವಲಂಬಿಸಿದವು. ರೋಗಿಗಳಿಗೆ ಇದರಿಂದ ಒಂದು ಅನುಕೂಲವೂ ಆಯಿತು. ತಮ್ಮ ನೋವನ್ನು ತಮ್ಮ ಭಾಷೆಯಲ್ಲಿಯೇ ಹೇಳಿಕೊಳ್ಳಲು ಸಾಧ್ಯವಾಯಿತು.

ಇವು ಫ್ರೀಮೇಸನ್‌ರಂಥ ರಹಸ್ಯ ಸಂಘಗಳೇ?

ಅಲ್ಲ. ಇವು ಪರಸ್ಪರ ಸಹಾಯ ಸಂಘಗಳು. ಗುಟ್ಟಿನ ದೀಕ್ಷೆ, ಸಂಕೇತ, ಆಚರಣೆಗಳು ಇವುಗಳ ತಿರುಳಲ್ಲ. ಸದಸ್ಯರು ಅಧ್ಯಕ್ಷರನ್ನೂ ಪದಾಧಿಕಾರಿಗಳನ್ನೂ ಮತ ಹಾಕಿ ಆರಿಸುತ್ತಿದ್ದರು, ಲೆಕ್ಕಪತ್ರ ಕೇಳುತ್ತಿದ್ದರು, ಸಭೆಗಳಲ್ಲಿ ಜಗಳವಾಡುತ್ತಿದ್ದರು. ಸೋದರತ್ವದ ಮಾತು ಎರಡು ಕಡೆಯೂ ಬರುವುದರಿಂದ ಈ ಗೊಂದಲ ಹುಟ್ಟುತ್ತದೆ.

ದಿನಗೂಲಿಯವರು ಇಷ್ಟು ದೊಡ್ಡ ಕಟ್ಟಡಗಳನ್ನು ಕಟ್ಟಿಸಿದ್ದು ಹೇಗೆ?

ಸಾವಿರಾರು ಸದಸ್ಯರ ಚಿಲ್ಲರೆ ಚಂದಾ ವರ್ಷಗಟ್ಟಲೆ ಸೇರಿದರೆ ಮೊತ್ತ ದೊಡ್ಡದಾಗುತ್ತದೆ. ಅದರ ಮೇಲೆ ದೇಣಿಗೆ, ಸಾಲ, ನೃತ್ಯಕೂಟಗಳ ಮತ್ತು ವನಭೋಜನಗಳ ಆದಾಯ. ಇಲ್ಲಿ ಸಿಗಾರ್ ಕಾರ್ಮಿಕರ ಸ್ಥಿತಿಯನ್ನೂ ತಿಳಿದಿರಬೇಕು. ಕೈಯಲ್ಲಿ ಸಿಗಾರ್ ಸುತ್ತುವುದು ನಮ್ಮ ಕರಾವಳಿಯ ಮನೆಗಳಲ್ಲಿ ಬೀಡಿ ಕಟ್ಟುವಂತೆ ಎಣಿಕೆಯ ಮೇಲಿನ ಕೂಲಿಯ ಕೆಲಸವೇ ಆದರೂ, ಶುದ್ಧ ಹವಾನಾ ಎಲೆಯ ದುಬಾರಿ ಸಿಗಾರ್ ಸುತ್ತಬಲ್ಲ ನುರಿತ ಕೈಗೆ ಆ ಕಾಲದ ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದ ಬೇರೆ ಕೂಲಿಗಳಿಗೆ ಹೋಲಿಸಿದರೆ ಒಳ್ಳೆಯ ಸಂಪಾದನೆ ಇತ್ತು.

ಸಂಘಗಳ ನಡುವಿನ ಪೈಪೋಟಿಯೂ ಕಟ್ಟಡಗಳ ಎತ್ತರವನ್ನು ಏರಿಸಿತು. ಬೆಂಕಿ ಕೂಡ ಇದರಲ್ಲಿ ಪಾತ್ರ ವಹಿಸಿತು. 1908ರ ಮಾರ್ಚ್ 1ರಂದು ಈಬೋರ್ ಸಿಟಿಯಲ್ಲಿ ಹಬ್ಬಿದ ಬೆಂಕಿ ಮರದ ಮನೆಗಳ ಸಾಲುಗಳನ್ನೇ ನುಂಗಿತು. ಸೆಂತ್ರೊ ಆಸ್ತುರಿಯಾನೊದ ಮೊದಲ ಭವನ 1912ರಲ್ಲಿ, ಸಿರ್ಕುಲೊ ಕುಬಾನೊದ ಮೊದಲ ಭವನ 1916ರಲ್ಲಿ ಸುಟ್ಟುಹೋದವು. ಇಟಲಿಯವರ ಮೊದಲ ಭವನಕ್ಕೂ ಅದೇ ಗತಿಯಾಯಿತು. ಪ್ರತಿ ಬಾರಿಯೂ ಸದಸ್ಯರು ಮೊದಲಿಗಿಂತ ದೊಡ್ಡದನ್ನು, ಇಟ್ಟಿಗೆಯಲ್ಲಿ ಕಟ್ಟಿಸಿದರು. ಇಂದು ನಾವು ನೋಡುವ ಸೆಂತ್ರೊ ಎಸ್ಪಾನ್ಯೋಲ್ 1912ರದು, ಸೆಂತ್ರೊ ಆಸ್ತುರಿಯಾನೊ 1914ರದು, ಸಿರ್ಕುಲೊ ಕುಬಾನೊ 1917ರದು, ಲುನಿಯೋನೆ ಇತಾಲಿಯಾನಾ 1918ರದು. ಸೆಂತ್ರೊ ಎಸ್ಪಾನ್ಯೋಲ್ ಅನ್ನು ಫ್ರಾನ್ಸಿಸ್ ಕೆನ್ನಾರ್ಡ್ ವಿನ್ಯಾಸ ಮಾಡಿದರು. ಉಳಿದ ಮೂರೂ ಎಂ. ಲಿಯೊ ಎಲಿಯಟ್ ಎಂಬ ಒಬ್ಬರೇ ವಾಸ್ತುಶಿಲ್ಪಿಯ ಹೆಸರಿಗೆ ಸೇರಿವೆ. ಟ್ಯಾಂಪಾದ ಹಳೆಯ ನಗರಸಭಾ ಕಟ್ಟಡವೂ ಅವರದೇ. ಪೈಪೋಟಿಗೆ ಬಿದ್ದಿದ್ದ ಸಂಘಗಳು ಒಬ್ಬರ ಕೈಯಿಂದಲೇ ತಮ್ಮ ತಮ್ಮ ಹೆಮ್ಮೆಯನ್ನು ಕಟ್ಟಿಸಿಕೊಂಡವು.

ಭವನದ ಒಳಗೆ ಏನೇನು ಇರುತ್ತಿತ್ತು?

ಸಿರ್ಕುಲೊ ಕುಬಾನೊದ ಹಳದಿ ಇಟ್ಟಿಗೆಯ ಭವನವನ್ನೇ ತೆಗೆದುಕೊಳ್ಳೋಣ. ಒಂದು ನಾಟಕ ಮಂದಿರ, ಒಂದು ಔಷಧಾಲಯ, ಗ್ರಂಥಾಲಯ, ಕಾಂತೀನಾ ಎನ್ನುವ ಪಾನಶಾಲೆ, ಮೇಲೆ ಚಿತ್ರಗಳಿಂದ ಅಲಂಕರಿಸಿದ ಸೂರಿನ ನೃತ್ಯಾಂಗಣ, ಹೊರಗೆ ವಾದ್ಯಗೋಷ್ಠಿಗೆ ಚಿಪ್ಪಿನಾಕಾರದ ವೇದಿಕೆಯಿರುವ ಅಂಗಳ. ಇಷ್ಟೆಲ್ಲ ಒಂದೇ ಕಟ್ಟಡದಲ್ಲಿ ಇದ್ದುದರಿಂದ ಒಬ್ಬ ಸದಸ್ಯನ ವಾರವಿಡೀ ಅಲ್ಲಿಯೇ ಕಳೆಯಬಹುದಿತ್ತು. ಕೆಲಸ ಬಿಟ್ಟ ಮೇಲೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕಾಂತೀನಾಕ್ಕೆ ಬಂದು ಒಂದು ಕಾಫಿಯ ಮೇಲೆ ಗಂಟೆಗಟ್ಟಲೆ ರಾಜಕೀಯ ಮಾತಾಡುವುದು, ಡಾಮಿನೋ ಕಾಯಿಗಳನ್ನು ಮೇಜಿಗೆ ಸದ್ದಾಗುವಂತೆ ಬಡಿಯುವುದು, ಮಗುವಿಗೆ ಔಷಧ ಕಟ್ಟಿಸಿಕೊಂಡು ಮನೆಗೆ ಹೋಗುವುದು, ಭಾನುವಾರ ಹೆಂಡತಿ ಮಕ್ಕಳೊಡನೆ ನಾಟಕಕ್ಕೆ ಬರುವುದು: ಇವೆಲ್ಲಕ್ಕೂ ಬಾಗಿಲು ಒಂದೇ.

ಸೆಂತ್ರೊ ಆಸ್ತುರಿಯಾನೊದ ನಾಟಕ ಮಂದಿರದಲ್ಲಿ ಸುಮಾರು 1,200 ಜನ ಕೂರಬಹುದಿತ್ತು. ಸ್ಪ್ಯಾನಿಷ್ ಗೀತನಾಟಕ, ಪ್ರಹಸನ, ಭಾಷಣ, ಎಲ್ಲಕ್ಕೂ ಆ ರಂಗ ಒದಗಿತು. ಮಹಾ ಆರ್ಥಿಕ ಕುಸಿತದ ವರ್ಷಗಳಲ್ಲಿ ನಿರುದ್ಯೋಗಿ ಕಲಾವಿದರಿಗೆ ಕೆಲಸ ಕೊಡಲು ಅಮೆರಿಕ ಸರ್ಕಾರ ಆರಂಭಿಸಿದ ಫೆಡರಲ್ ಥಿಯೇಟರ್ ಯೋಜನೆಯ ಸ್ಪ್ಯಾನಿಷ್ ತಂಡವೊಂದು 1936 ಮತ್ತು 1937ರಲ್ಲಿ ಇದೇ ರಂಗದ ಮೇಲೆ ನಾಟಕವಾಡಿತು.

ಅಕ್ಷರ ಬಾರದ ಕಾರ್ಮಿಕರಿಗೆ ಗ್ರಂಥಾಲಯ ಏಕೆ ಬೇಕಿತ್ತು?

ಈ ಪ್ರಶ್ನೆಯ ಹಿಂದೆ ಇರುವ ಊಹೆಯೇ ಸರಿಯಲ್ಲ. ಓದಲು ಬಾರದ ಕಾರ್ಮಿಕರೂ ಸಾಹಿತ್ಯ, ಅರ್ಥಶಾಸ್ತ್ರ, ಲೋಕವಾರ್ತೆಗಳನ್ನು ಬಲ್ಲವರಾಗಿದ್ದರು. ಸಿಗಾರ್ ಕಾರ್ಖಾನೆಗಳಲ್ಲಿ ಲೆಕ್ತೋರ್ ಎಂಬ ವಾಚಕರಿರುತ್ತಿದ್ದರು. ಸಾಲುಸಾಲು ಮೇಜುಗಳ ನಡುವೆ ಎತ್ತರದ ಕಟ್ಟೆಯ ಮೇಲೆ ನಿಂತೋ ಕೂತೋ ಅವರು ಬೆಳಿಗ್ಗೆ ಪತ್ರಿಕೆಗಳನ್ನು, ಆಮೇಲೆ ಕಾದಂಬರಿಗಳನ್ನು ಗಟ್ಟಿಯಾಗಿ ಓದುತ್ತಿದ್ದರು. ಧ್ವನಿವರ್ಧಕವಿಲ್ಲದೆ ನೂರಾರು ಜನರಿಗೆ ಕೇಳಿಸುವಂತೆ, ಪಾತ್ರಕ್ಕೊಂದು ದನಿ ತೆಗೆದು ಓದಬೇಕಿತ್ತು. ಅವರ ಸಂಬಳ ಕೊಡುತ್ತಿದ್ದವರು ಮಾಲೀಕರಲ್ಲ, ಕೇಳುವ ಕಾರ್ಮಿಕರು. ಯಾವ ಕಾದಂಬರಿ ಓದಬೇಕೆಂಬುದನ್ನೂ ಕಾರ್ಮಿಕರೇ ಮತ ಹಾಕಿ ತೀರ್ಮಾನಿಸುತ್ತಿದ್ದರು. ಮೆಚ್ಚುಗೆಯಾದರೆ ಎಲೆ ಕತ್ತರಿಸುವ ಚಾವೇತಾ ಎಂಬ ಬಾಗಿದ ಅಲಗನ್ನು ಮರದ ಹಲಗೆಗೆ ಕುಟ್ಟಿ ಸದ್ದು ಮಾಡುತ್ತಿದ್ದರು. ಹಾಗೆ ಕೇಳಿದ್ದನ್ನು ಸಂಜೆ ಚರ್ಚಿಸುವ ಜಾಗ ಸಂಘಭವನವಾಗಿತ್ತು.

ಕಾರ್ಮಿಕರಲ್ಲಿ ಕ್ರಾಂತಿಯ ವಿಚಾರಗಳನ್ನು ಬಿತ್ತುತ್ತಾರೆಂದು 1931ರಲ್ಲಿ ಮಾಲೀಕರು ವಾಚಕರನ್ನು ತೆಗೆದುಹಾಕಿದರು. ಮುಷ್ಕರ ನಡೆಯಿತು, ಸೋತಿತು, ವಾಚಕರ ಜಾಗಕ್ಕೆ ರೇಡಿಯೊ ಬಂತು. ವಾಚಕರಾಗಿದ್ದ ವಿಕ್ತೋರಿಯಾನೊ ಮಾಂತೇಗಾ ಅವರು 1922ರಲ್ಲಿಯೇ ಆರಂಭಿಸಿದ್ದ ಲಾ ಗಾಸೇತಾ ಪತ್ರಿಕೆ ಮುಂದೆ ಸ್ಪ್ಯಾನಿಷ್, ಇಂಗ್ಲಿಷ್, ಇಟಾಲಿಯನ್ ಮೂರರಲ್ಲೂ ಬರೆಯುವ ಪತ್ರಿಕೆಯಾಗಿ ಉಳಿಯಿತು.

ಒಂದೇ ದೇಶದ ಕ್ಯೂಬನ್ನರಿಗೆ ಎರಡು ಭವನಗಳು ಏಕೆ?

ಇದಕ್ಕೆ ಉತ್ತರಿಸಲು ಹೊಸೆ ಮಾರ್ತಿ ಅವರಿಂದ ಆರಂಭಿಸಬೇಕು. ಕ್ಯೂಬಾದ ಕವಿ, ಸ್ವಾತಂತ್ರ್ಯ ಹೋರಾಟದ ನಾಯಕ ಮಾರ್ತಿ ಅವರು 1891ರ ನವೆಂಬರ್‌ನಲ್ಲಿ ಮೊದಲ ಬಾರಿ ಟ್ಯಾಂಪಾಕ್ಕೆ ಬಂದು, ಎಲ್ಲರೊಡನೆ ಸೇರಿ ಎಲ್ಲರ ಒಳಿತಿಗಾಗಿ ಕಟ್ಟುವ ಕ್ಯೂಬಾದ ಬಗ್ಗೆ ಮಾತಾಡಿದರು. ಬಣ್ಣದ ಭೇದವಿಲ್ಲದ ಗಣರಾಜ್ಯ ಅವರ ಕನಸಿನ ಕೇಂದ್ರವಾಗಿತ್ತು. ಸಿಗಾರ್ ಕಾರ್ಮಿಕರು ತಮ್ಮ ಕೂಲಿಯ ಪಾಲನ್ನು ಹೋರಾಟಕ್ಕೆ ಕೊಟ್ಟರು. 1892ರಲ್ಲಿ ಮಾರ್ತಿ ಅವರಿಗೆ ವಿಷವಿಕ್ಕುವ ಯತ್ನ ನಡೆದ ಮೇಲೆ ಟ್ಯಾಂಪಾದಲ್ಲಿ ಅವರು ತಂಗಿದ್ದು ಪೌಲಿನಾ ಪೆದ್ರೋಸೊ ಮತ್ತು ರುಪೇರ್ತೊ ಪೆದ್ರೋಸೊ ಎಂಬ ಕಪ್ಪು ಕ್ಯೂಬನ್ ದಂಪತಿಯ ಮನೆಯಲ್ಲಿ. ಮಾರ್ತಿ 1895ರಲ್ಲಿ, ಆಫ್ರಿಕನ್ ಮೂಲದ ಮಹಾ ಸೇನಾನಿ ಆಂತೋನಿಯೊ ಮಾಸೆಯೊ 1896ರಲ್ಲಿ ಯುದ್ಧಭೂಮಿಯಲ್ಲಿ ಮಡಿದರು. 1898ರಲ್ಲಿ ಸ್ಪೇನಿನ ಆಳ್ವಿಕೆ ಕೊನೆಗೊಂಡಿತು.

ಮರುವರ್ಷ, 1899ರಲ್ಲಿ, ಟ್ಯಾಂಪಾದ ಕ್ಯೂಬನ್ನರು ಕಪ್ಪು ಬಿಳುಪು ಎನ್ನದೆ ಒಟ್ಟಾಗಿ ಒಂದು ರಾಷ್ಟ್ರೀಯ ಸಂಘ ಕಟ್ಟಿದರು. ಅದು ಒಟ್ಟಾಗಿ ಉಳಿದದ್ದು ಸುಮಾರು ಒಂದೇ ವರ್ಷ. 1900ರಲ್ಲಿ ಕಪ್ಪು ಸದಸ್ಯರು ಹೊರಗುಳಿಯಬೇಕಾಯಿತು. ಅವರು ಅದೇ ಅಕ್ಟೋಬರ್‌ನಲ್ಲಿ ಮಾರ್ತಿ ಮತ್ತು ಮಾಸೆಯೊ ಇಬ್ಬರ ಹೆಸರನ್ನೂ ಹೊತ್ತ ತಮ್ಮದೇ ಸಂಘವನ್ನು ಪೆದ್ರೋಸೊ ದಂಪತಿಯ ಮನೆಯಲ್ಲಿ ಸ್ಥಾಪಿಸಿದರು. 1904ರಲ್ಲಿ ಅದು ಮತ್ತೊಂದು ಸಂಘದೊಡನೆ ಸೇರಿ ಲಾ ಉನಿಯೋನ್ ಮಾರ್ತಿ-ಮಾಸೆಯೊ ಆಯಿತು. ಬಿಳಿಯ ಕ್ಯೂಬನ್ನರ ಸಂಘ 1902ರಲ್ಲಿ ಸಿರ್ಕುಲೊ ಕುಬಾನೊ ಎಂಬ ಹೆಸರು ತಾಳಿತು.

ಫ್ಲಾರಿಡಾದ ವರ್ಣಭೇದ ಕಾನೂನುಗಳು ಇದನ್ನು ಅನಿವಾರ್ಯ ಮಾಡಿದವು ಎಂಬ ವಿವರಣೆಯನ್ನು ಸಾಮಾನ್ಯವಾಗಿ ಕೊಡಲಾಗುತ್ತದೆ. ಆ ಕಾನೂನುಗಳೂ ಅವುಗಳ ಹಿಂದಿನ ಹಿಂಸೆಯ ಬೆದರಿಕೆಯೂ ನಿಜ. ಆದರೂ ಆ ವಿವರಣೆ ನನಗೆ ಸಾಲದು ಎನಿಸುತ್ತದೆ. ಅದೇ ಊರಿನ, ಅದೇ ಕಾನೂನಿನ ಅಡಿಯಲ್ಲಿದ್ದ ಕಾರ್ಖಾನೆಗಳಲ್ಲಿ ಕಪ್ಪು ಮತ್ತು ಬಿಳಿಯ ಕ್ಯೂಬನ್ನರು ಒಂದೇ ಸಾಲಿನಲ್ಲಿ ಪಕ್ಕಪಕ್ಕ ಕೂತು ಸಿಗಾರ್ ಸುತ್ತುತ್ತಿದ್ದರು, ಒಬ್ಬರೇ ವಾಚಕರನ್ನು ಕೇಳುತ್ತಿದ್ದರು, ಅಕ್ಕಪಕ್ಕದ ಮನೆಗಳಲ್ಲಿ ಬಾಳುತ್ತಿದ್ದರು. ದುಡಿಮೆಯಲ್ಲಿ ಜೊತೆಗಿರಲು ಅಡ್ಡ ಬಾರದ ಕಾನೂನು ಕುಣಿತದ ಅಂಗಣಕ್ಕೆ ಮಾತ್ರ ಅಡ್ಡ ಬಂತು ಎಂದಾಗ, ಬಿಳಿಯರ ಸಾಲಿಗೆ ಸೇರಬೇಕೆಂಬ ಆಸೆಯೂ ಅಲ್ಲಿ ಕೆಲಸ ಮಾಡಿದೆ ಎಂದೇ ಹೇಳಬೇಕು. ಕಪ್ಪು ಕ್ಯೂಬನ್ನರಿಗೆ ತಮ್ಮ ದೇಶದವರ ಬಾಗಿಲು ಮುಚ್ಚಿತು. ಭಾಷೆ, ಧರ್ಮ, ರೂಢಿಗಳ ವ್ಯತ್ಯಾಸದಿಂದ ಟ್ಯಾಂಪಾದ ಆಫ್ರಿಕನ್ ಅಮೆರಿಕನ್ನರ ನಡುವೆಯೂ ಅವರು ಬೇಗ ಬೆರೆಯಲಾಗಲಿಲ್ಲ. ಅಂಥವರಿಗೆ ಮಾರ್ತಿ-ಮಾಸೆಯೊ ಒಂದೇ ಆಸರೆ.

ಚಿಕ್ಕ ಸಂಖ್ಯೆಯ ಆ ಸದಸ್ಯರು 1908ರ ಹೊತ್ತಿಗೆ ಆರನೆಯ ಅವೆನ್ಯೂ ಮತ್ತು ಹನ್ನೊಂದನೆಯ ರಸ್ತೆ ಕೂಡುವಲ್ಲಿ ನಾಟಕ ಮಂದಿರ ಸಹಿತ ಎರಡಂತಸ್ತಿನ ಭವನ ಕಟ್ಟಿಸಿದರು. ಕಾಯಿಲೆಯಾದವರಿಗೆ ಭತ್ಯೆ, ಸತ್ತವರಿಗೆ ಅಂತ್ಯಸಂಸ್ಕಾರ, ಜೊತೆಗೆ ನೃತ್ಯ, ಡಾಮಿನೋ, ಸಭೆ. ಇತರ ಸಂಘಗಳು ಮಾಡಿದ್ದನ್ನೆಲ್ಲ ಇವರೂ ಕಡಿಮೆ ಹಣದಲ್ಲಿ ಮಾಡಿದರು. ಅಲ್ಲಿ ಮಾಸೆಯೊ ಅವರ ಹೆಸರು ಮಾರ್ತಿ ಅವರ ಹೆಸರಿನ ಪಕ್ಕದಲ್ಲಿ ನಿಂತಿರುವುದನ್ನು ಗಮನಿಸಬೇಕು.

ಮಹಿಳೆಯರ ಸ್ಥಾನ ಏನಿತ್ತು?

ಕಾರ್ಖಾನೆಯಲ್ಲಿ ಎಲೆಯ ನಡುನಾರು ತೆಗೆಯುವ ಕೆಲಸ ಬಹುಮಟ್ಟಿಗೆ ಹೆಂಗಸರದಾಗಿತ್ತು. ಸಿಗಾರ್ ಸುತ್ತುವವರಲ್ಲೂ ಅವರಿದ್ದರು. ಆದರೆ ಸಂಘಗಳ ಆಡಳಿತ ಗಂಡಸರ ಕೈಯಲ್ಲಿತ್ತು, ಕಾಂತೀನಾ ಗಂಡಸರ ಜಾಗ. ಮಹಿಳಾ ಸಮಿತಿಗಳು ಹಣ ಕೂಡಿಸುವುದು, ಹಬ್ಬ ಮತ್ತು ನೃತ್ಯಕೂಟಗಳನ್ನು ನಡೆಸುವುದು ಮುಂತಾದ ಕೆಲಸಗಳ ಭಾರ ಹೊತ್ತವು. ಮದುವೆಯಾಗದ ಹುಡುಗಿಯರು ತಾಯಿಯೊಡನೆಯೋ ಚಿಕ್ಕಮ್ಮನೊಡನೆಯೋ ಬಂದು, ಹಿರಿಯರು ಗೋಡೆಯ ಪಕ್ಕದ ಕುರ್ಚಿಗಳಲ್ಲಿ ಕೂತು ನೋಡುತ್ತಿರುವಾಗ ಕುಣಿಯಬೇಕಿತ್ತು. ಊರಿನ ಎಷ್ಟೋ ಮದುವೆಗಳಿಗೆ ನಾಂದಿಯಾದದ್ದು ಆ ಅಂಗಣಗಳಲ್ಲಿ. ರಾಜಕೀಯದಲ್ಲಿ ಮಾತ್ರ ಹೆಂಗಸರು ಹಿಂದೆ ಕೂರಲಿಲ್ಲ. ಸ್ಪೇನಿನ ಅಂತರ್ಯುದ್ಧದ ಕಾಲದಲ್ಲಿ, 1937ರ ಮೇ 6ರಂದು, ಫ್ಯಾಸಿಸ್ಟರ ಬಾಂಬ್ ದಾಳಿಗಳನ್ನು ಖಂಡಿಸಿ ಸಾವಿರಾರು ಮಹಿಳೆಯರು ಈಬೋರ್ ಸಿಟಿಯಿಂದ ಟ್ಯಾಂಪಾ ನಗರಸಭೆಯವರೆಗೆ ಮೆರವಣಿಗೆ ಹೋದರು.

ಈ ಸಂಘಗಳಿಗೂ ಕಾರ್ಮಿಕ ಮುಷ್ಕರಗಳಿಗೂ ಸಂಬಂಧವಿತ್ತೇ?

ಮುಷ್ಕರ ನಡೆಸುತ್ತಿದ್ದುದು ಕಾರ್ಮಿಕ ಒಕ್ಕೂಟಗಳು. ಸಂಘಗಳಲ್ಲಿ ಮೇಲ್ವಿಚಾರಕರೂ ವ್ಯಾಪಾರಿಗಳೂ ಸದಸ್ಯರಾಗಿದ್ದರು. ಸೆಂತ್ರೊ ಎಸ್ಪಾನ್ಯೋಲ್‌ನ ಮೊದಲ ಅಧ್ಯಕ್ಷ ಇಗ್ನಾಸಿಯೊ ಆಯಾ ಅವರೇ ಕಾರ್ಖಾನೆಯ ಮಾಲೀಕರು. ಹಾಗಿದ್ದರೂ ಬಹುಪಾಲು ಸದಸ್ಯರು ಮುಷ್ಕರಗಳಲ್ಲಿ ಬೆಂದವರೇ. 1901ರ ಮುಷ್ಕರದಲ್ಲಿ ಲಾ ರೆಸಿಸ್ತೆನ್ಸಿಯಾ ಒಕ್ಕೂಟದ 13 ನಾಯಕರನ್ನು ಊರಿನ ಪ್ರತಿಷ್ಠಿತರ ಗುಂಪು ಅಪಹರಿಸಿ, ಹಡಗು ಹತ್ತಿಸಿ, ಹೊಂಡುರಾಸ್‌ನ ಕರಾವಳಿಯಲ್ಲಿ ಬಿಟ್ಟುಬಂದಿತು. 1910ರ ಮುಷ್ಕರದಲ್ಲಿ ಇಬ್ಬರು ಇಟಲಿಯವರನ್ನು ಗುಂಪು ಗಲ್ಲಿಗೇರಿಸಿತು. ಹೊರಗೆ ಇಂಥ ಹಗೆತನವಿದ್ದಾಗ ತಮ್ಮದೇ ಗೋಡೆಗಳ ಒಳಗೆ ತಮ್ಮ ಭಾಷೆಯಲ್ಲಿ ಮಾತಾಡುವ ಜಾಗಕ್ಕೆ ಎಷ್ಟು ಬೆಲೆಯಿತ್ತೆಂದು ಊಹಿಸಬಹುದು.

ಸಂಘಗಳು ಏಕೆ ಕ್ಷೀಣಿಸಿದವು?

ಹಲವು ಏಟುಗಳು ಒಂದರ ಹಿಂದೊಂದು ಬಿದ್ದವು. 1930ರ ದಶಕದ ಕುಸಿತದಲ್ಲಿ ದುಬಾರಿ ಸಿಗಾರ್ ಕೊಳ್ಳುವವರು ಕಡಿಮೆಯಾದರು, ಸಿಗರೇಟು ಜನಪ್ರಿಯವಾಯಿತು, ಯಂತ್ರಗಳು ಬಂದು ಕೈಕೆಲಸದವರನ್ನು ಬೀದಿಗೆ ಹಾಕಿದವು. ಕಪ್ಪು ಕ್ಯೂಬನ್ನರಲ್ಲಿ ಅನೇಕರು ಕೆಲಸ ಹುಡುಕಿಕೊಂಡು ನ್ಯೂಯಾರ್ಕ್‌ಗೆ ಹೋದರು. ಎರಡನೆಯ ಮಹಾಯುದ್ಧದಿಂದ ಮರಳಿದ ಯುವಕರು ಸರ್ಕಾರದ ನೆರವಿನ ಗೃಹಸಾಲ ಪಡೆದು ಹೊರವಲಯದ ಹೊಸ ಬಡಾವಣೆಗಳಲ್ಲಿ ಮನೆ ಕೊಂಡರು. ಅವರ ಮಕ್ಕಳು ಇಂಗ್ಲಿಷ್ ಮಾತಾಡಿ ಬೆಳೆದರು. ಕೆಲಸ ಕೊಡುವ ಕಂಪನಿಗಳ ವಿಮೆ, ಆಮೇಲೆ 1965ರಲ್ಲಿ ವೃದ್ಧರಿಗಾಗಿ ಬಂದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್, ಸಂಘದ ವೈದ್ಯರ ಅಗತ್ಯವನ್ನು ಕುಗ್ಗಿಸಿದವು. 1962ರಲ್ಲಿ ಅಮೆರಿಕವು ಕ್ಯೂಬಾದ ಮೇಲೆ ಹೇರಿದ ವ್ಯಾಪಾರ ನಿರ್ಬಂಧದಿಂದ ಹವಾನಾ ಎಲೆಯೇ ನಿಂತುಹೋಯಿತು.

ಅದರ ಮೇಲೆ ನಗರ ಪುನರುಜ್ಜೀವನ ಎಂಬ ಹೆಸರಿನ ಯೋಜನೆ ಬಂತು. ಈಬೋರ್ ಸಿಟಿಯ ನಡುವೆ ಹೆದ್ದಾರಿ ಹಾದುಹೋಯಿತು, ಹಳೆಯ ಮನೆಗಳ ಬೀದಿಗಳನ್ನು ಬುಲ್ಡೋಜರ್‌ನಿಂದ ಕೆಡವಲಾಯಿತು, ಬರುತ್ತದೆಂದು ಹೇಳಿದ್ದ ಹೊಸ ಕಟ್ಟಡಗಳು ಬಹಳಷ್ಟು ಕಡೆ ಬರಲೇ ಇಲ್ಲ. ದೊಡ್ಡ ಸಂಘಗಳ ನಾಲ್ಕು ಭವನಗಳು ಉಳಿದವು. ಮಾರ್ತಿ-ಮಾಸೆಯೊ ಭವನವನ್ನು ಮಾತ್ರ 1965ರಲ್ಲಿ ನೆಲಸಮ ಮಾಡಿದರು. ಐದರಲ್ಲಿ ಉರುಳಿದ್ದು ಕಪ್ಪು ಸದಸ್ಯರದ್ದೇ ಆಗಿದ್ದನ್ನು ಆಕಸ್ಮಿಕವೆಂದು ನಾನು ನಂಬಲಾರೆ. ಸದಸ್ಯರು ಎದೆಗುಂದದೆ ಏಳನೆಯ ಅವೆನ್ಯೂವಿನಲ್ಲಿ ಬೇರೊಂದು ಸಾಧಾರಣ ಕಟ್ಟಡ ಕೊಂಡು ಸಂಘವನ್ನು ಮುಂದುವರಿಸಿದರು.

ಭವನಗಳ ಇಂದಿನ ಸ್ಥಿತಿ ಹೇಗಿದೆ?

ಸಿರ್ಕುಲೊ ಕುಬಾನೊ 1972ರಲ್ಲಿ, ಸೆಂತ್ರೊ ಆಸ್ತುರಿಯಾನೊ 1974ರಲ್ಲಿ ಅಮೆರಿಕದ ಐತಿಹಾಸಿಕ ಸ್ಥಳಗಳ ರಾಷ್ಟ್ರೀಯ ಪಟ್ಟಿಗೆ ಸೇರಿದವು. ಸೆಂತ್ರೊ ಎಸ್ಪಾನ್ಯೋಲ್ 1988ರಲ್ಲಿ ರಾಷ್ಟ್ರೀಯ ಐತಿಹಾಸಿಕ ಸ್ಮಾರಕವಾಯಿತು, 1990ರಲ್ಲಿ ಈಬೋರ್ ಸಿಟಿಯ ಐತಿಹಾಸಿಕ ವಲಯಕ್ಕೇ ಆ ಮಾನ್ಯತೆ ದೊರೆಯಿತು. ಸೆಂತ್ರೊ ಎಸ್ಪಾನ್ಯೋಲ್ ಕಟ್ಟಡ ಈಗ ಅಂಗಡಿ ಮುಂಗಟ್ಟುಗಳ ಸಂಕೀರ್ಣದ ಭಾಗ. ಉಳಿದ ಮೂರು ಭವನಗಳು ಮದುವೆ, ಔತಣ, ಸಂಗೀತ ಕಾರ್ಯಕ್ರಮಗಳಿಗೆ ಬಾಡಿಗೆಗೆ ದೊರೆಯುತ್ತವೆ, ಆ ಹಣದಿಂದಲೇ ದುರಸ್ತಿ ನಡೆಯಬೇಕು. ಸಂಘಗಳ ಸ್ಮಶಾನಗಳು ಇಂದಿಗೂ ಇವೆ. ಸೆಂತ್ರೊ ಆಸ್ತುರಿಯಾನೊದ ಆಸ್ಪತ್ರೆ 1990ರಲ್ಲಿ ಮುಚ್ಚಿತು.

ನೋಡಲು ಹೋಗುವವರು ಏನು ಗಮನಿಸಬೇಕು?

ಐದೂ ಸ್ಥಳಗಳು ಕಾಲ್ನಡಿಗೆಯ ಅಂತರದಲ್ಲಿವೆ. ಟ್ಯಾಂಪಾದ ನಡುಪೇಟೆಯಿಂದ ಟ್ರಾಮ್ ಇದೆ. ಕಾರ್ಯಕ್ರಮಗಳಿರುವ ದಿನ ಒಳಗೆ ಬಿಡದಿರಬಹುದಾದ್ದರಿಂದ ಮುಂಚೆಯೇ ವಿಚಾರಿಸಿಕೊಂಡು ಹೋಗುವುದು ಒಳ್ಳೆಯದು. ಹಳೆಯ ಬೇಕರಿಯೊಂದರಲ್ಲಿರುವ ಈಬೋರ್ ಸಿಟಿ ವಸ್ತುಸಂಗ್ರಹಾಲಯದಿಂದ ಆರಂಭಿಸಿದರೆ ಕಾರ್ಮಿಕರ ಪುಟ್ಟ ಮರದ ಮನೆಗಳನ್ನು ಮೊದಲು ನೋಡಬಹುದು. ಆ ಮನೆಗಳ ಇಕ್ಕಟ್ಟನ್ನು ಕಂಡ ಮೇಲೆ ಸಂಘಭವನಕ್ಕೆ ಹೋದರೆ, ಅಷ್ಟು ಎತ್ತರದ ಸೂರು, ಅಷ್ಟು ಅಗಲದ ಮೆಟ್ಟಿಲು ಅವರಿಗೆ ಏಕೆ ಬೇಕಾಗಿತ್ತೆಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಈಬೋರ್ ಅವರ ಮೂಲ ಕಾರ್ಖಾನೆಯ ಎದುರಿಗೆ, ಪೆದ್ರೋಸೊ ದಂಪತಿಯ ಮನೆ ಇದ್ದ ಜಾಗದಲ್ಲಿ ಮಾರ್ತಿ ಅವರ ಹೆಸರಿನ ಒಂದು ಸಣ್ಣ ಉದ್ಯಾನವಿದೆ. ಆ ನೆಲ ಕ್ಯೂಬಾ ದೇಶದ ಒಡೆತನದ್ದು. ಅಲ್ಲಿಂದ ಮಾರ್ತಿ-ಮಾಸೆಯೊ ಸಂಘದ ಈಗಿನ ಕಟ್ಟಡಕ್ಕೆ ನಡೆದು ಹೋಗದೆ ಈಬೋರ್ ಸಿಟಿಯನ್ನು ನೋಡಿದೆ ಎನ್ನಬೇಡಿ ಎಂದು ಕೇಳಿಕೊಳ್ಳುತ್ತೇನೆ.

ಹೆಚ್ಚು ತಿಳಿಯಬೇಕೆನ್ನುವವರಿಗೆ ಮೂಲ ದಾಖಲೆಗಳು ಎಲ್ಲಿ ಸಿಗುತ್ತವೆ?

ಟ್ಯಾಂಪಾದಲ್ಲಿರುವ ಯೂನಿವರ್ಸಿಟಿ ಆಫ್ ಸೌತ್ ಫ್ಲಾರಿಡಾದ ಗ್ರಂಥಾಲಯದ ವಿಶೇಷ ಸಂಗ್ರಹ ವಿಭಾಗದಲ್ಲಿ ಈ ಸಂಘಗಳ ಕಾಗದಪತ್ರಗಳಿವೆ. ಬಹುಪಾಲು ಸ್ಪ್ಯಾನಿಷ್‌ನಲ್ಲಿವೆ, ಇಟಲಿಯವರ ಸಂಘದ್ದು ಇಟಾಲಿಯನ್‌ನಲ್ಲಿಯೂ ಇವೆ. ವಲಸಿಗರ ಸಂಘಗಳ ಬಗ್ಗೆ ಸಂಶೋಧನೆ ಮಾಡುವ ಕನ್ನಡದ ವಿದ್ಯಾರ್ಥಿಗಳು ಭವನಗಳ ಚಿತ್ರಗಳಲ್ಲಿಯೇ ನಿಲ್ಲದೆ, ಯಾರಿಗೆ ಏನು ಕಾಯಿಲೆಯಾಯಿತು, ಸಂಘ ಏನು ಕೊಟ್ಟಿತು, ಯಾರ ಅರ್ಜಿ ಒಪ್ಪಿತವಾಯಿತು ಎಂಬುದನ್ನು ಬರೆದಿಟ್ಟ ಇಂಥ ಕಾಗದಪತ್ರಗಳಿಂದಲೇ ಕೆಲಸ ಆರಂಭಿಸುವುದು ಒಳ್ಳೆಯದು.